2025ರ ಗೇಲಿಕ್ ಫುಟ್‌ಬಾಲ್: ಡೊನೆಗಾಲ್ ಸೋತಿದ್ದು ಹೊಸ ನಿಯಮದಿಂದಾನಾ, ಕೆರಿ ಆಟದಿಂದಾನಾ?

ಲೆಟರ್‌ಕೆನಿ_ಅಮ್ಮ · ಜುಲೈ 29

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನಲ್ಲಿರುವ ನಮ್ಮವರ ಹತ್ತಿರ ಒಂದು ವಿಷಯ ಕೇಳಬೇಕಿತ್ತು.

ನಾವು ಶಿವಮೊಗ್ಗದವರು. ಡೊನೆಗಾಲ್ ಕೌಂಟಿಯ ಲೆಟರ್‌ಕೆನಿಗೆ ಬಂದು ಹನ್ನೊಂದು ವರ್ಷ ಆಯಿತು. ನಾನು ನರ್ಸ್. ಮಗ ಹುಟ್ಟಿದ್ದು ಇಲ್ಲೇ, ಈಗ ಒಂಬತ್ತು ವರ್ಷ. ಇಲ್ಲಿನ ಕ್ಲಬ್ಬಿನಲ್ಲಿ ಗೇಲಿಕ್ ಫುಟ್‌ಬಾಲ್ ಆಡುತ್ತಾನೆ. ಚೆಂಡನ್ನು ಕೈಯಲ್ಲಿ ಹಿಡಿದೂ ಕಾಲಲ್ಲಿ ಒದ್ದೂ ಆಡುವ ಐರಿಷ್ ಆಟ ಇದು. ಮೊದಲು ನನಗೆ ಇದರ ತಲೆಬುಡ ಗೊತ್ತಿರಲಿಲ್ಲ. ಈಗ ಅಡುಗೆ ಮಾಡುತ್ತಾ ರೇಡಿಯೊದಲ್ಲಿ ಪಂದ್ಯ ಕೇಳುವಷ್ಟು ಹಚ್ಚಿಕೊಂಡಿದ್ದೇನೆ.

ಭಾನುವಾರ ಕೌಂಟಿ ತಂಡಗಳ ಆಲ್-ಐರ್ಲೆಂಡ್ ಫೈನಲ್ ನೋಡಿದಿರಿ ಅಲ್ವಾ? ಕೆರಿ 1-26, ಡೊನೆಗಾಲ್ 0-19. ಮಗ ಬೆಳಿಗ್ಗೆ ಆರಕ್ಕೇ ಎದ್ದು ಜೆರ್ಸಿ ಹಾಕಿಕೊಂಡು ಕೂತಿದ್ದ. ಅರ್ಧ ಆಟಕ್ಕೇ ಏಳು ಅಂಕ ಹಿಂದೆ. ಎದ್ದು ಹಿತ್ತಲಿಗೆ ಹೋದ. ಗೋಡೆಗೆ ಚೆಂಡು ಹೊಡೆಯುವ ಸದ್ದು ಧಬ್ ಧಬ್ ಅಂತ ಕೇಳುತ್ತಿತ್ತು. ಆಟ ಮುಗಿದ ಮೇಲೆ ಒಳಗೆ ಬಂದ, ಕಣ್ಣು ಕೆಂಪಗಿತ್ತು. "ಅಮ್ಮ, ನಮ್ಮವರಿಗೆ ದೂರದಿಂದ ಹೊಡೆಯೋಕೆ ಬರಲ್ವಾ?" ಅಂತ ಕೇಳಿದ.

ನನಗೆ ಅನಿಸಿದ್ದು ಹೇಳುತ್ತೇನೆ. ಈ ವರ್ಷ ತಂದ ಎರಡು ಅಂಕದ ನಿಯಮ ಇಲ್ಲದಿದ್ದರೆ ಇಷ್ಟು ದೊಡ್ಡ ಅಂತರ ಆಗುತ್ತಿರಲಿಲ್ಲ. ಕೆರಿಯವರಿಗೆ ಹೇಳಿ ಮಾಡಿಸಿದ ಹಾಗಿದೆ ಈ ನಿಯಮ. ತಪ್ಪಿದ್ದರೆ ತಿದ್ದಿ.

ಟ್ರಲೀ_ತೀರ್ಥಹಳ್ಳಿ · ಜುಲೈ 29

ಅಕ್ಕಾ, ಮಗನಿಗೆ ಬೇಜಾರಾಗಿದ್ದು ಅರ್ಥ ಆಗುತ್ತೆ. ಆದರೆ ನಿಯಮದ ಮೇಲೆ ಹಾಕಬೇಡಿ. 40 ಮೀಟರ್ ಗೆರೆಯ ಹೊರಗಿಂದ ಹೊಡೆದರೆ ಎರಡು ಅಂಕ ಅನ್ನೋದು ಎರಡೂ ತಂಡಕ್ಕೂ ಒಂದೇ. ಡೊನೆಗಾಲ್‌ನವರಿಗೆ ಹೊಡೆಯಬೇಡಿ ಅಂತ ಯಾರೂ ಹೇಳಿರಲಿಲ್ಲ.

ಕೆರಿಯ ಡೇವಿಡ್ ಕ್ಲಿಫರ್ಡ್ ಒಬ್ಬನೇ 9 ಅಂಕ ಹೊಡೆದ. ಅದರಲ್ಲಿ ಮೂರು ಒದೆತ ಎರಡೆರಡು ಅಂಕದ್ದು. ಅದು ಕಾಲಿನಲ್ಲಿರೋ ವಿದ್ಯೆ, ನಿಯಮ ಕೊಟ್ಟಿದ್ದಲ್ಲ.

ಬೆಂಗಳೂರಿಂದ_ನೋಡೋನು · ಜುಲೈ 29

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. 1-26 ಅಂದರೆ ಏನು? ಒಂದು ಗೋಲು ಅಂತಾನಾ? ನನ್ನ ತಂಗಿ ಡಬ್ಲಿನ್‌ನಲ್ಲಿದ್ದಾಳೆ, ಅವಳು ಹೇಳಿ ಈ ಆಟದ ಸಂಸ್ಥೆಯ ಆನ್‌ಲೈನ್ ವಾಹಿನಿ ಜಿಎಎ ಪ್ಲಸ್‌ನಲ್ಲಿ ನೋಡಿದೆ. ಆಟ ಇಷ್ಟ ಆಯಿತು, ಲೆಕ್ಕ ಅರ್ಥ ಆಗಲಿಲ್ಲ.

ಲೆಕ್ಕದ_ಮೇಷ್ಟ್ರು · ಜುಲೈ 29

ಗೋಲ್ ಕಂಬ ಇಂಗ್ಲಿಷ್ ಎಚ್ ಅಕ್ಷರದ ಹಾಗಿರುತ್ತೆ. ಅಡ್ಡಪಟ್ಟಿ ಕೆಳಗೆ, ಬಲೆಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲೆ ಎರಡು ಕಂಬದ ನಡುವೆ ಹೋದರೆ ಒಂದು ಅಂಕ. ಈ ವರ್ಷದಿಂದ 40 ಮೀಟರ್ ಕಮಾನಿನ ಹೊರಗಿಂದ ಒದ್ದು ಮೇಲೆ ಹಾಯಿಸಿದರೆ ಎರಡು.

ಬರೆಯುವಾಗ ಮೊದಲು ಗೋಲು, ಆಮೇಲೆ ಅಂಕ. 1-26 ಅಂದರೆ 3 ಕೂಡಿಸು 26, ಒಟ್ಟು 29. ಡೊನೆಗಾಲ್ 19. ಅಂತರ ಹತ್ತು. ತಂಡಕ್ಕೆ 15 ಜನ, ಕೌಂಟಿ ಪಂದ್ಯ 70 ನಿಮಿಷ. ಚೆಂಡು ಹಿಡಿದು ನಾಲ್ಕು ಹೆಜ್ಜೆ ಓಡಬಹುದು. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲಾ ಕಾಲ್ಬೆರಳ ಮೇಲೆ ಬಿಟ್ಟು ಮತ್ತೆ ಕೈಗೆ ಎತ್ತಿಕೊಳ್ಳಬೇಕು. ಅದಕ್ಕೆ ಸೋಲೊ ಅಂತಾರೆ. ಸತತ ಎರಡು ಸಲ ಪುಟಿಸುವ ಹಾಗಿಲ್ಲ.

ಬೆಂಗಳೂರಿಂದ_ನೋಡೋನು · ಜುಲೈ 29

ಥ್ಯಾಂಕ್ಸ್ ಮೇಷ್ಟ್ರೇ. ಈಗ ತಿಳೀತು.

ಡಬ್ಲಿನ್15_ಹಾಸನ · ಜುಲೈ 29

ನಾನು ಲೆಟರ್‌ಕೆನಿ ಅಕ್ಕನ ಕಡೆ. ನಿಯಮ ಯಾಕೆ ಬಂತು ನೋಡಿ. ಹಿಂದೆ ಸರಿದು ಹದಿನಾಲ್ಕು ಜನ ಗೋಡೆ ಕಟ್ಟಿ ಆಡುವುದನ್ನು ನಿಲ್ಲಿಸೋಕೆ ತಂದಿದ್ದು. ಆ ಆಟವನ್ನ ಗಟ್ಟಿಯಾಗಿ ಕಟ್ಟಿದವರು ಡೊನೆಗಾಲ್‌ನ ಕೋಚ್ ಜಿಮ್ ಮೆಕ್‌ಗಿನಿಸ್. 2011ರ ಸೆಮಿಫೈನಲ್ ನೆನಪಿದೆಯಾ? ಡಬ್ಲಿನ್ 0-8, ಡೊನೆಗಾಲ್ 0-6. ಎಪ್ಪತ್ತು ನಿಮಿಷಕ್ಕೆ ಎರಡೂ ತಂಡ ಸೇರಿ 14 ಅಂಕ! ಮುಂದಿನ ವರ್ಷ ಅದೇ ಮೆಕ್‌ಗಿನಿಸ್ ತಂಡ ಮೇಯೊ ಕೌಂಟಿ ಮೇಲೆ ಗೆದ್ದು ಸ್ಯಾಮ್ ಮಗ್ವೈರ್ ಕಪ್, ಅಂದರೆ ಆಲ್-ಐರ್ಲೆಂಡ್ ಕಪ್, ಎತ್ತಿತು.

ಈ ಹೊಸ ನಿಯಮ ತಂದ ಸಮಿತಿಯ ಅಧ್ಯಕ್ಷ ಯಾರು? ಜಿಮ್ ಗ್ಯಾವಿನ್. 2014ರಲ್ಲಿ ಡಬ್ಲಿನ್ ಕೋಚ್ ಆಗಿದ್ದಾಗ ಸೆಮಿಫೈನಲ್‌ನಲ್ಲಿ ಇದೇ ಮೆಕ್‌ಗಿನಿಸ್ ಕೈಲಿ ಸೋತವರು. ನನಗೆ ಇದು ಸರಿ ಕಾಣಲ್ಲ.

ನ್ಯೂರಿ_ಹತ್ತಿರದವ · ಜುಲೈ 29

ಹಾಸನದ ಅಣ್ಣ, ಅರ್ಧ ಹೇಳಿ ಬಿಟ್ಟಿರಿ. ಅದೇ ಸಮಿತಿಯಲ್ಲಿ ಡೊನೆಗಾಲ್‌ನ ಮೈಕಲ್ ಮರ್ಫಿ ಕೂಡ ಇದ್ದರು. 2012ರಲ್ಲಿ ಕಪ್ ಎತ್ತಿದ ಕ್ಯಾಪ್ಟನ್ ಅವರೇ. 2022ರಲ್ಲಿ ನಿವೃತ್ತಿ ಆದರು. ಮತ್ತೆ ಆಡಬೇಕು ಅಂತ ಮನಸ್ಸಾದಾಗ ಸಮಿತಿ ಬಿಟ್ಟು ತಂಡಕ್ಕೆ ಬಂದರು. ಅಂದರೆ ಈ ನಿಯಮ ಕೂತು ಬರೆದವರಲ್ಲಿ ಒಬ್ಬರು ಭಾನುವಾರ ಡೊನೆಗಾಲ್ ಜೆರ್ಸಿಯಲ್ಲೇ ಇದ್ದರು. 35ನೇ ವಯಸ್ಸಿನಲ್ಲಿ!

ಮೇಯೊದ ಮಾಜಿ ಕೋಚ್ ಜೇಮ್ಸ್ ಹೊರನ್, ಕೆರಿಯ ಮಾಜಿ ಕೋಚ್ ಎಮನ್ ಫಿಟ್ಸ್‌ಮೋರಿಸ್ ಕೂಡ ಅದರಲ್ಲಿದ್ದರು. ಗ್ಯಾವಿನ್ ಹಳೇ ಸೇಡು ಇಟ್ಟುಕೊಂಡರು ಅನ್ನೋದು ಸುಮ್ನೆ ಮಾತು.

ಡಬ್ಲಿನ್15_ಹಾಸನ · ಜುಲೈ 29

ಮರ್ಫಿ ವಿಷಯ ನನಗೆ ಗೊತ್ತಿರಲಿಲ್ಲ. ಸೇಡು ಅಂದಿದ್ದನ್ನ ವಾಪಸ್ ತಗೊಂಡೆ. ಆದರೂ ನಿಯಮ ಒಂದು ಶೈಲಿಯನ್ನ ಗುರಿಯಾಗಿಟ್ಟುಕೊಂಡೇ ಬಂದಿದ್ದು, ಅದನ್ನ ಬಿಡಲ್ಲ.

ಕ್ಯಾಸಲ್‌ಬಾರ್_ಕಾಫಿ · ಜುಲೈ 29

ಆ ಶೈಲಿ ಹೋಗಬೇಕಿತ್ತು ಬಿಡಿ. 2023ರಲ್ಲಿ ನನ್ನ ಗಂಡನ ಜೊತೆ ಒಂದು ಪಂದ್ಯಕ್ಕೆ ಹೋಗಿದ್ದೆ. ಹತ್ತು ನಿಮಿಷ ಚೆಂಡು ಅಡ್ಡಡ್ಡ ಕೈ ಬದಲಾಯಿಸುತ್ತಿತ್ತು. ಪಕ್ಕದಲ್ಲಿ ಕೂತ ಅಜ್ಜ ನಿದ್ದೆ ಹೋಗಿದ್ದರು. ಈ ವರ್ಷ ಅದೇ ಮೈದಾನದಲ್ಲಿ ಒಂದು ನಿಮಿಷ ಕೂರೋಕೆ ಆಗಲಿಲ್ಲ. ಈಗ ಪ್ರತಿ ತಂಡ ಮೂರು ಜನರನ್ನಾದರೂ ಮುಂದಿನ ಅರ್ಧದಲ್ಲೇ ಬಿಟ್ಟಿರಬೇಕು. ಎಲ್ಲರೂ ಹಿಂದೆ ಓಡಿ ಬರೋ ಹಾಗಿಲ್ಲ. ಗೋಲ್‌ಕೀಪರ್ ಒದ್ದ ಚೆಂಡು 40 ಮೀಟರ್ ಕಮಾನು ದಾಟಲೇಬೇಕು. ಹಾಗಾಗಿ ಮತ್ತೆ ಆಕಾಶಕ್ಕೆ ಹಾರಿ ಚೆಂಡು ಹಿಡಿಯೋದು ನೋಡೋಕೆ ಸಿಗ್ತಿದೆ. ಹಳಬರು ಅದನ್ನೇ ಆಟದ ಜೀವ ಅಂತಾರೆ.

ನನಗೆ ಇಷ್ಟ ಆದ ಇನ್ನೊಂದು ನಿಯಮ: ರೆಫರಿ ಜೊತೆ ವಾದ ಮಾಡಿದರೆ ಚೆಂಡು 50 ಮೀಟರ್ ಮುಂದೆ ಹೋಗುತ್ತೆ. ಈಗ ಆಟಗಾರರು ವಿಸಿಲ್ ಊದಿದ ತಕ್ಷಣ ಚೆಂಡು ಕೈಗೆ ಕೊಟ್ಟು ಓಡ್ತಾರೆ.

ಹುಬ್ಳಿ_ಗಾಲ್ವೇ · ಜುಲೈ 30

ಕಾಫಿ ಅಕ್ಕಾರ ಮಾತು ಖರೆ. ಆದರ ಲೆಟರ್‌ಕೆನಿ ಅಕ್ಕಾರ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಡೊನೆಗಾಲ್ ಯಾಕೆ ಸೋತಿತು? ನಾ ಹೇಳ್ತೀನಿ: ದಣಿವು.

ಲೆಕ್ಕ ಹಾಕ್ರಿ. ಡೊನೆಗಾಲ್ ಅಲ್‌ಸ್ಟರ್ ಪ್ರಾಂತ್ಯದಲ್ಲಿ ಪೂರ್ವಭಾವಿ ಸುತ್ತಿನಿಂದಲೇ ಆಡಬೇಕಾಯಿತು. ಡೆರಿ, ಮೊನಹನ್, ಡೌನ್, ಆಮೇಲೆ ಫೈನಲ್‌ನಲ್ಲಿ ಅರ್ಮಾ. ನಾಲ್ಕೂ ಗುದ್ದಾಟವೇ. ಅರ್ಮಾ ಮೇಲಿನ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ 2-23, 0-28. ಬರೇ ಒಂದು ಅಂಕ! ಆಮೇಲೆ ಆಲ್-ಐರ್ಲೆಂಡ್ ಗುಂಪಿನಲ್ಲಿ ಮೂರು ಪಂದ್ಯ. ಬ್ಯಾಲಿಬೊಫೆಯಲ್ಲಿ, ತಮ್ಮ ಮನೆಯಂಗಳದಲ್ಲೇ, ಟಿರೋನ್‌ಗೆ ಸೋತರು. ಅದಕ್ಕೆ ಇನ್ನೊಂದು ಹೆಚ್ಚಿನ ಪಂದ್ಯ ಲೌತ್ ಜೊತೆ. ಕ್ವಾರ್ಟರ್, ಸೆಮಿ, ಫೈನಲ್. ಒಟ್ಟು ಹನ್ನೊಂದು. ಏಪ್ರಿಲ್ ಮೊದಲ ವಾರದಿಂದ ಜುಲೈ ಕೊನೆಯೊಳಗೆ.

ಕೆರಿ ಎಷ್ಟು? ಒಂಬತ್ತು. ಮನ್‌ಸ್ಟರ್‌ನಲ್ಲಿ, ಅಂದರೆ ಅವರ ಪ್ರಾಂತ್ಯದಲ್ಲಿ, ಎರಡೇ ಪಂದ್ಯಕ್ಕೆ ಕಪ್ಪು ಕೈಗೆ ಬಂತು.

ಟ್ರಲೀ_ತೀರ್ಥಹಳ್ಳಿ · ಜುಲೈ 30

ಆ ಎರಡರಲ್ಲಿ ಒಂದು ಕಾರ್ಕ್ ಜೊತೆ, ಕಾರ್ಕ್ ಊರಲ್ಲೇ, ಹೆಚ್ಚುವರಿ ಸಮಯದವರೆಗೆ ಹೋಗಿತ್ತು ಮಾರಾಯರೇ. ಸುಲಭ ಅಂತ ಯಾರು ಹೇಳಿದ್ದು?

ಜೂನ್‌ನಲ್ಲಿ ಕೆರಿ ಗತಿ ಏನಾಗಿತ್ತು ಅಂತ ಮರೆತಿರಾ? ಟಲಮೋರ್‌ನಲ್ಲಿ ಮೀತ್ ತಂಡ ನಮ್ಮನ್ನ 1-22, 0-16ರಲ್ಲಿ ಬಡಿಯಿತು. ಒಂಬತ್ತು ಅಂಕ! ಆ ರಾತ್ರಿ ಕೆರಿಯ ಟ್ರಲೀ ಊರಲ್ಲಿ ನನ್ನ ಬಾಡಿಗೆ ಮನೆ ಯಜಮಾನರು ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ಮಾತಾಡಿದರು. ಎಪ್ಪತ್ತು ದಾಟಿದವರು. ಈ ಸಲ ಫೈನಲ್ ನಡೆಯೋ ಕ್ರೋಕ್ ಪಾರ್ಕ್‌ಗೆ ಟಿಕೆಟ್ ಹುಡುಕೋ ಕೆಲಸ ಇಲ್ಲ ಬಿಡು ಅಂದರು. ಆರು ವಾರದಲ್ಲಿ ಅದೇ ತಂಡ 39ನೇ ಕಪ್ ಎತ್ತಿತು. ಅವರೇ ನನಗೂ ಒಂದು ಟಿಕೆಟ್ ಹೊಂದಿಸಿ ಕೊಟ್ಟರು.

ನಿಜವಾದ ಫೈನಲ್ ಅರ್ಮಾ ಜೊತೆಗಿನ ಕ್ವಾರ್ಟರ್ ಫೈನಲ್. ಅರ್ಧ ಆಟಕ್ಕೆ ಅರ್ಮಾ ಒಂದು ಅಂಕ ಮುಂದೆ. ಆಮೇಲೆ ಸತತ ಹದಿನಾಲ್ಕು ಅಂಕ ಕೆರಿಯದ್ದು, ಅರ್ಮಾಗೆ ಒಂದೂ ಇಲ್ಲ. ಅವರ ಗೋಲ್‌ಕೀಪರ್ ಒದ್ದ ಚೆಂಡೆಲ್ಲ ಕೆರಿ ಕೈಗೆ ಬಂದು ಬೀಳ್ತಿತ್ತು. ಇದನ್ನ ಯಾವ ನಿಯಮ ಮಾಡಿಸುತ್ತೆ ಹೇಳಿ?

ನ್ಯೂರಿ_ಹತ್ತಿರದವ · ಜುಲೈ 30

ಆ ಹದಿನಾಲ್ಕು ಅಂಕ ಬಂದ ಹದಿನೈದು ನಿಮಿಷ ನೆನಪಿಸಬೇಡಿ. ಹಿಂದಿನ ವರ್ಷದ ಚಾಂಪಿಯನ್ ನಾವು, ಅರ್ಮಾದವರು.

ಮತ್ತೆ, ಆ ಹದಿನೈದು ನಿಮಿಷವನ್ನ ನಿಯಮವೇ ಮಾಡಿಸಿತು ಅನ್ನೋದು ನನ್ನ ವಾದ. ಹಳೇ ನಿಯಮದಲ್ಲಿ ಒತ್ತಡ ಬಂದಾಗ ಗೋಲ್‌ಕೀಪರ್ ಪಕ್ಕದವನಿಗೆ ಸಣ್ಣದಾಗಿ ತಳ್ಳಿ ಉಸಿರು ತಗೊಳ್ಳಬಹುದಿತ್ತು. ಈಗ ಆಗಲ್ಲ. ಒದ್ದದ್ದು ದೂರ ಹೋಗಲೇಬೇಕು. ಎದುರಾಳಿ ಒಮ್ಮೆ ಹಿಡಿತ ಸಾಧಿಸಿದರೆ ತಪ್ಪಿಸಿಕೊಳ್ಳೋಕೆ ದಾರಿನೇ ಇಲ್ಲ. ಹಾಗಂತ ನಿಯಮ ಕೆಟ್ಟದ್ದು ಅಂತ ನಾನು ಹೇಳಲ್ಲ. ನೋಡೋರಿಗೆ ಅದ್ಭುತ. ಆದರೆ ಅಂತರ ದೊಡ್ಡದಾಗೋದು ಇದರಿಂದಲೇ. ಸೆಮಿಫೈನಲ್‌ನಲ್ಲಿ ಡೊನೆಗಾಲ್ ಮೀತ್‌ಗೆ ಮಾಡಿದ್ದೂ ಇದನ್ನೇ ಅಲ್ವಾ? 3-26, 0-15. ಇಪ್ಪತ್ತು ಅಂಕ.

ಲೆಟರ್‌ಕೆನಿ_ಅಮ್ಮ · ಜುಲೈ 30

ಇದು ಸರಿ ಅನಿಸ್ತು. ಸೆಮಿಫೈನಲ್ ದಿನ ನಾನು ನಿಯಮದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಗೆದ್ದಾಗ ಕಾಣದ್ದು ಸೋತಾಗ ಕಂಡಿತು.

ಆದರೆ ಡೇವಿಡ್‌ನ ಅಣ್ಣ ಪಾಡಿ ಕ್ಲಿಫರ್ಡ್‌ಗೆ ಅಷ್ಟು ಜಾಗ ಯಾಕೆ ಬಿಟ್ಟರು ಅನ್ನೋದು ಇನ್ನೂ ಅರ್ಥ ಆಗಿಲ್ಲ.

ಲೆಕ್ಕದ_ಮೇಷ್ಟ್ರು · ಜುಲೈ 30

ಅದು ಸರಿಯಾದ ಪ್ರಶ್ನೆ. ಎಲ್ಲರೂ ಡೇವಿಡ್ ಹೆಸರು ಹೇಳ್ತಾರೆ. ಪಂದ್ಯ ನಡೆಸಿದ್ದು ಅಣ್ಣ ಪಾಡಿ. ಡೊನೆಗಾಲ್ ಜಾಗ ಕಾಯುವ ಆಟ ಆಡಿತು, ಆಳು ಕಾಯುವ ಆಟ ಆಡಲಿಲ್ಲ. ಪಾಡಿ ಹಿಂದೆ ಬಂದು ಚೆಂಡು ಈಸಿಕೊಳ್ಳುತ್ತಿದ್ದ. ಮೈಮೇಲೆ ಯಾರೂ ಇಲ್ಲ. ತಲೆ ಎತ್ತಿ ನೋಡೋಕೆ ಸಮಯ ಸಿಕ್ಕರೆ ಅವನು ಬಿಡ್ತಾನಾ? ಜಾಗ ಕಾಯುವ ಆಟ ವರ್ಷವಿಡೀ ಕೆಲಸ ಮಾಡಿತ್ತು, ಅದಕ್ಕೇ ಬದಲಾಯಿಸಲಿಲ್ಲ ಅಂತ ಕಾಣುತ್ತೆ. ನನ್ನ ಪ್ರಕಾರ ಒಬ್ಬನನ್ನ ಅವನ ಬೆನ್ನಿಗೆ ಅಂಟಿಸಿದ್ದರೆ ಅಂತರ ನಾಲ್ಕೈದಕ್ಕೆ ನಿಲ್ಲುತ್ತಿತ್ತು. ಜೋ ಓ'ಕಾನರ್ ಗೋಲು ಬಂದಿದ್ದು ಕೊನೇ ಗಳಿಗೆಯಲ್ಲಿ, ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಎರಡಂಕದ ನಿಯಮ ತೆಗೆದು ಕ್ಲಿಫರ್ಡ್‌ನ ಆ ಮೂರು ಒದೆತಕ್ಕೆ ಒಂದೊಂದೇ ಅಂಕ ಕೊಡಿ. ಮೂರು ಅಂಕ ಕಮ್ಮಿ ಆಗುತ್ತೆ. ಆಗಲೂ ಕೆರಿ ಆರಾಮಾಗಿ ಗೆಲ್ಲುತ್ತೆ.

ಡಬ್ಲಿನ್15_ಹಾಸನ · ಜುಲೈ 30

ಮೇಷ್ಟ್ರೇ, ಲೆಕ್ಕ ಸರಿ, ಆದರೆ ಆಟ ಹಾಗೆ ಆಗಲ್ಲ. ಎರಡಂಕ ಸಿಗುತ್ತೆ ಅನ್ನೋ ಭಯಕ್ಕೆ ರಕ್ಷಣೆಯವರು ಮುಂದೆ ಬರ್ತಾರೆ. ಹಿಂದೆ ಜಾಗ ತೆರೆಯುತ್ತೆ. ಹಾಗಾಗಿ ಹೊಡೆಯದ ಎರಡಂಕವೂ ಕೆಲಸ ಮಾಡುತ್ತೆ.

ಲೆಕ್ಕದ_ಮೇಷ್ಟ್ರು · ಜುಲೈ 30

ಒಪ್ಪಿದೆ. ಅದನ್ನ ನಾನು ಎಣಿಸಿರಲಿಲ್ಲ.

ಕ್ಯಾಸಲ್‌ಬಾರ್_ಕಾಫಿ · ಜುಲೈ 30

ನೀವೆಲ್ಲ ಫೈನಲ್ ಸೋತ ದುಃಖ ಹೇಳ್ತಿದ್ದೀರಿ. ಮೇಯೊದವರ ಕಥೆ ಕೇಳಿ. ಗುಂಪಿನ ಕೊನೇ ಪಂದ್ಯ, ರೊಸ್ಕಾಮನ್‌ನಲ್ಲಿ, ಇದೇ ಡೊನೆಗಾಲ್ ಜೊತೆ. ಡ್ರಾ ಆಗಿದ್ದರೂ ಮೇಯೊ ಉಳೀತಿತ್ತು. ಸಮ ಆಗಿತ್ತು ಕೂಡ. ಕೊನೇ ಉಸಿರಲ್ಲಿ ಡೊನೆಗಾಲ್‌ನ ಕಿಯರನ್ ಮೋರ್ ಓಡಿ ಬಂದು ಒಂದು ಅಂಕ ಹೊಡೆದ. 0-19, 1-15. ವರ್ಷ ಮುಗೀತು.

ಮೇಯೊ ಕೊನೇ ಸಲ ಗೆದ್ದಿದ್ದು 1951ರಲ್ಲಿ. 1989ರಿಂದ 2021ರವರೆಗೆ ಹನ್ನೊಂದು ಫೈನಲ್ ಸೋತಿದ್ದಾರೆ. ಊರಲ್ಲಿ ಒಂದು ಶಾಪದ ಕಥೆ ಹೇಳ್ತಾರೆ. 1951ರಲ್ಲಿ ಗೆದ್ದು ಬರುವಾಗ ಫಾಕ್ಸ್‌ಫರ್ಡ್ ಊರಲ್ಲಿ ಒಂದು ಶವಯಾತ್ರೆ ಎದುರಾಯಿತಂತೆ. ತಂಡ ನಿಂತು ಗೌರವ ಕೊಡಲಿಲ್ಲ. ಈ ತಂಡದವರು ಒಬ್ಬರು ಬದುಕಿರೋವರೆಗೂ ಮೇಯೊಗೆ ಕಪ್ ಸಿಗದಿರಲಿ ಅಂತ ಪಾದ್ರಿ ಶಪಿಸಿದರಂತೆ. ಆ ತಂಡದ ಕೊನೆಯವರು ಪ್ಯಾಡಿ ಪ್ರೆಂಡರ್‌ಗಾಸ್ಟ್ 2021ರಲ್ಲಿ ತೀರಿಕೊಂಡರು. ನಮ್ಮ ಅತ್ತೆ ಕಡೆಯವರು ಈ ಕಥೆ ಎತ್ತಿದರೆ ಸಿಟ್ಟಾಗ್ತಾರೆ. ಆ ಹನ್ನೊಂದು ಸಲ ಆಡಿದ ಹುಡುಗರ ಶ್ರಮಕ್ಕೆ ಅವಮಾನ ಅದು ಅಂತಾರೆ. ನನಗೂ ಹಾಗೇ ಅನಿಸುತ್ತೆ.

ಹುಬ್ಳಿ_ಗಾಲ್ವೇ · ಜುಲೈ 30

ಶಾಪ ಗೀಪ ಬ್ಯಾಡ್ರಿ. ಗಾಲ್ವೇ ಪಕ್ಕದ ಕೌಂಟಿ, ಆದರೂ ಮೇಯೊ ಗೆಲ್ಲೋದು ನೋಡಬೇಕು ಅಂತ ನನಗೂ ಆಸೆ ಐತಿ. ಗಾಲ್ವೇ ಮಂದಿ ಮುಂದ ಹಂಗ ಅಂದರ ಬೈತಾರ.

ನ್ಯೂರಿ_ಹತ್ತಿರದವ · ಜುಲೈ 30

ಶಾಪ ಮುರಿಯೋದು ಹೇಗೆ ಅಂತ ಅರ್ಮಾನ ಕೇಳಿ. 2022ರಲ್ಲಿ ಗಾಲ್ವೇಗೆ ಪೆನಾಲ್ಟಿಯಲ್ಲಿ ಸೋಲು. 2023ರಲ್ಲಿ ಡೆರಿಗೆ, ಆಮೇಲೆ ಮೊನಹನ್‌ಗೆ, ಎರಡೂ ಪೆನಾಲ್ಟಿ. 2024ರ ಅಲ್‌ಸ್ಟರ್ ಫೈನಲ್‌ನಲ್ಲಿ ಡೊನೆಗಾಲ್‌ಗೆ, ಮತ್ತೆ ಪೆನಾಲ್ಟಿ. ನಾಲ್ಕು ಸಲ! ಕಿಯರನ್ ಮೆಕ್‌ಗೀನಿಯನ್ನ ಕೋಚ್ ಹುದ್ದೆಯಿಂದ ತೆಗೀಬೇಕು ಅಂತ ಎಷ್ಟು ಜನ ಅಂದಿದ್ದರು. ಅದೇ ಜುಲೈನಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಗಾಲ್ವೇ ಮೇಲೆ 1-11, 0-13. ಒಂದೇ ಅಂಕದಲ್ಲಿ ಕಪ್. ಗೋಲು ಹೊಡೆದವನು ಯಾರು? ರಕ್ಷಣೆಯ ಆಟಗಾರ ಏರನ್ ಮೆಕೇ. 2002ರಲ್ಲಿ ಮೆಕ್‌ಗೀನಿ ಕ್ಯಾಪ್ಟನ್ ಆಗಿ ಎತ್ತಿದ್ದರು, 22 ವರ್ಷದ ಮೇಲೆ ಕೋಚ್ ಆಗಿ.

ಆ ಸಲ ಸೆಮಿಫೈನಲ್‌ನಲ್ಲಿ ಕೆರಿಯನ್ನ ಸೋಲಿಸಿದ ಅರ್ಮಾ ಕೋಚಿಂಗ್ ತಂಡದಲ್ಲಿ ಕೆರಿಯದ್ದೇ ಹಳೇ ವೀರ ಕಿಯರನ್ ಡೊನಹಿ ಇದ್ದರು. ಟ್ರಲೀಯವರೇ, ಅವರು ಊರಿಗೆ ಬಂದಾಗ ಜನ ಮಾತಾಡಿಸಿದರಾ?

ಟ್ರಲೀ_ತೀರ್ಥಹಳ್ಳಿ · ಜುಲೈ 30

ಮಾತಾಡಿಸದೆ ಇರ್ತಾರಾ? ಟ್ರಲೀ ಹುಡುಗ ಅವರು. 2014ರ ಫೈನಲ್‌ನಲ್ಲಿ ಡೊನೆಗಾಲ್ ಗೋಲ್‌ಕೀಪರ್ ಒದ್ದಿದ್ದು ತಪ್ಪಿ ನೇರ ಕಾಲಿಗೆ ಬಂದಾಗ ಗೋಲು ಹೊಡೆದು ಕಪ್ ತಂದುಕೊಟ್ಟವರು. ಆದರೆ ಆ ಸೆಮಿಫೈನಲ್ ಸೋತ ವಾರ ನಮ್ಮ ಆಫೀಸಲ್ಲಿ ಅವರ ಹೆಸರು ಯಾರೂ ಎತ್ತಲಿಲ್ಲ. ಅದಂತೂ ನಿಜ.

ಬೆಂಗಳೂರಿಂದ_ನೋಡೋನು · ಜುಲೈ 31

ಒಂದು ಅನುಮಾನ. ಇಷ್ಟು ದೊಡ್ಡ ಆಟ, 82 ಸಾವಿರ ಜನ ಸೇರೋ ಮೈದಾನ. ಕ್ಲಿಫರ್ಡ್‌ಗೆ ಸಂಬಳ ಎಷ್ಟು? ದುಡ್ಡಿರೋ ಕೌಂಟಿ ಅವನನ್ನ ಕೊಂಡುಕೊಳ್ಳೋಕೆ ಆಗಲ್ವಾ?

ಟ್ರಲೀ_ತೀರ್ಥಹಳ್ಳಿ · ಜುಲೈ 31

ಸಂಬಳ ಇಲ್ಲ. ಒಂದು ರೂಪಾಯಿನೂ ಇಲ್ಲ. ಓಡಾಟದ ಖರ್ಚು, ಸರ್ಕಾರದ ಸಣ್ಣ ಅನುದಾನ ಸಿಗುತ್ತೆ ಅಷ್ಟೆ. ಕ್ಲಿಫರ್ಡ್ ಹೈಸ್ಕೂಲ್ ಮೇಷ್ಟ್ರು. ಎಲ್ಲರಿಗೂ ಹೀಗೇ ಬೇರೆ ಕೆಲಸ ಇರುತ್ತೆ. ಇನ್ನು ಕೊಂಡುಕೊಳ್ಳೋ ಮಾತೇ ಇಲ್ಲ. ನಿನ್ನ ಊರಿನ ಕ್ಲಬ್, ನಿನ್ನ ಕೌಂಟಿ. ಅವನು ಫೊಸಾ ಅನ್ನೋ ಸಣ್ಣ ಊರಿನವನು. ಕೌಂಟಿ ಸೀಸನ್ ಮುಗೀತು, ಈಗ ಅಣ್ಣ ತಮ್ಮ ಇಬ್ಬರೂ ಅದೇ ಊರಿನ ಕ್ಲಬ್‌ಗೆ ಆಡೋಕೆ ವಾಪಸ್.

ಕೊಡಗು_ಹಾಕಿ · ಜುಲೈ 31

ಇದನ್ನ ಓದಿದಾಗಲೆಲ್ಲ ನನಗೆ ನಮ್ಮೂರು ನೆನಪಾಗುತ್ತೆ. ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಊರಲ್ಲಿ ಶುರು ಮಾಡಿದಾಗ 60 ಕುಟುಂಬ ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ನಿನ್ನ ಒಕ್ಕದ, ಅಂದರೆ ಮನೆತನದ, ಹೆಸರಿಗೇ ಆಡಬೇಕು. ಎಷ್ಟೇ ದೊಡ್ಡ ಆಟಗಾರ ಆದರೂ ಬೇರೆ ಒಕ್ಕಕ್ಕೆ ಹೋಗೋ ಹಾಗಿಲ್ಲ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಇರ್ತಾರೆ. ದುಡ್ಡು ಯಾರಿಗೂ ಇಲ್ಲ, ಆದರೂ ಸೋತರೆ ಎರಡು ದಿನ ಊಟ ಸೇರಲ್ಲ.

ಡಬ್ಲಿನ್‌ಗೆ ಬಂದ ಹೊಸದರಲ್ಲಿ ಆಫೀಸಿನವರು ಕೌಂಟಿ ಕೌಂಟಿ ಅಂತ ಯಾಕೆ ಹೊಡೆದಾಡ್ತಾರೆ ಅಂತ ಬೇರೆಯವರಿಗೆ ವಿಚಿತ್ರ ಅನಿಸ್ತಿತ್ತು. ನನಗೆ ಮೊದಲ ದಿನವೇ ಅರ್ಥ ಆಯಿತು.

ಡಬ್ಲಿನ್15_ಹಾಸನ · ಜುಲೈ 31

ಕೊಡಗಿನವರೇ, ಒಮ್ಮೆ ಕ್ರೋಕ್ ಪಾರ್ಕ್‌ನ ಹಿಲ್ 16 ಕಡೆ ನಿಂತು ನೋಡಿ. ಡಬ್ಲಿನ್ ಅಭಿಮಾನಿಗಳ ಜಾಗ ಅದು. ಬ್ರಿಟಿಷರ ವಿರುದ್ಧದ 1916ರ ದಂಗೆಯಲ್ಲಿ ಬಿದ್ದ ಕಟ್ಟಡಗಳ ಕಲ್ಲುಮಣ್ಣು ತಂದು ಹಾಕಿ ಮಾಡಿದ ದಿಬ್ಬ. ಅದರ ಮೇಲೆ ನಿಂತರೆ ಮೈ ಜುಮ್ ಅನ್ನುತ್ತೆ.

ಲೆಕ್ಕದ_ಮೇಷ್ಟ್ರು · ಜುಲೈ 31

ಹಾಸನದವರೇ, ಅದು ಕಥೆ ಅಷ್ಟೆ. ಆ ದಿಬ್ಬ 1915ರಲ್ಲೇ ಇತ್ತು. ಆಗ ಹಿಲ್ 60 ಅಂತ ಕರೀತಿದ್ದರು. ಮೊದಲ ಮಹಾಯುದ್ಧದ ಗಲ್ಲಿಪೊಲಿಯಲ್ಲಿದ್ದ ಒಂದು ಗುಡ್ಡದ ಹೆಸರು ಅದು. 16 ಅಂತ ಆಮೇಲೆ ಬದಲಾಯಿಸಿದ್ದು.

ಮೈ ಜುಮ್ ಅನ್ನೋದಕ್ಕೆ ನಿಜವಾದ ಚರಿತ್ರೆಯೇ ಸಾಕು. 1920ರ ನವೆಂಬರ್ 21ರಂದು ಅದೇ ಮೈದಾನದಲ್ಲಿ ಡಬ್ಲಿನ್–ಟಿಪ್ಪರೇರಿ ಪಂದ್ಯ ನಡೀತಿದ್ದಾಗ ಬ್ರಿಟಿಷ್ ಪಡೆ ಒಳಗೆ ನುಗ್ಗಿ ಗುಂಡು ಹಾರಿಸಿತು. 14 ಜನ ಸತ್ತರು. ಅವರಲ್ಲಿ ಟಿಪ್ಪರೇರಿ ಆಟಗಾರ ಮೈಕಲ್ ಹೋಗನ್ ಒಬ್ಬರು. ಕಪ್ ಕೊಡೋದು ಅವರ ಹೆಸರಿನ ಹೋಗನ್ ಸ್ಟ್ಯಾಂಡ್‌ನಲ್ಲೇ. ಸರಿಯಾಗಿ ನೂರು ವರ್ಷಕ್ಕೆ, 2020ರ ನವೆಂಬರ್‌ನಲ್ಲಿ, ಟಿಪ್ಪರೇರಿ ಮನ್‌ಸ್ಟರ್ ಗೆದ್ದಿತು. ಜಲಿಯನ್‌ವಾಲಾ ಬಾಗ್ ನಡೆದಿದ್ದು 1919ರಲ್ಲಿ. ಎರಡನ್ನೂ ಒಟ್ಟಿಗೆ ನೆನೆದರೆ ಸಂಕಟ ಆಗುತ್ತೆ.

ಕೊಡಗು_ಹಾಕಿ · ಜುಲೈ 31

ಇದು ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ಹೋದಾಗ ಆ ಸ್ಟ್ಯಾಂಡ್ ಕಡೆ ನೋಡ್ತೀನಿ.

ಲೆಟರ್‌ಕೆನಿ_ಅಮ್ಮ · ಜುಲೈ 31

ಎಲ್ಲರೂ ಇಷ್ಟು ಬರೆದಿದ್ದೀರಿ, ತುಂಬಾ ಖುಷಿ ಆಯಿತು. ಇನ್ನೊಂದು ವಿಷಯ ಇದೆ. ಮೊದಲ ದಿನ ಬರೆಯೋಕೆ ಆಗಲಿಲ್ಲ.

ಸೋತ ರಾತ್ರಿ ಮಲಗೋ ಮುಂಚೆ ಮಗ ಕೇಳಿದ: "ಅಮ್ಮ, ನಾನು ದೊಡ್ಡವನಾದ ಮೇಲೆ ಡೊನೆಗಾಲ್‌ಗೆ ಆಡಬಹುದಾ? ನಮ್ಮ ಹೆಸರು ಇಲ್ಲಿಯವರ ಹಾಗಿಲ್ಲವಲ್ಲ." ತರಗತಿಯಲ್ಲಿ ಯಾರೋ ಏನೋ ಅಂದಿರಬೇಕು. ನಾನು ಆಡಬಹುದು ಮಗಾ ಅಂದೆ. ಆದರೆ ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಹುಟ್ಟಿದ ಊರು, ಅಪ್ಪ ಅಜ್ಜನ ಊರು ಅಂತ ಎಲ್ಲರೂ ಮಾತಾಡುವಾಗ ನಾವು ಎಲ್ಲಿ ನಿಲ್ತೀವಿ?

ನ್ಯೂರಿ_ಹತ್ತಿರದವ · ಜುಲೈ 31

ಅಕ್ಕಾ, ಧೈರ್ಯವಾಗಿ ಹೇಳಿ. ಖಂಡಿತ ಆಡಬಹುದು. ಅಪ್ಪ ಅಜ್ಜ ಯಾರೂ ಬೇಡ. ಊರಿನ ಕ್ಲಬ್‌ನಲ್ಲಿ ಆಡಿದರೆ ಆ ಕೌಂಟಿಯವನೇ.

ಬೋಯ್ಡು ಸಾಯೆ ಲೈಬೀರಿಯಾದಲ್ಲಿ ಹುಟ್ಟಿದವನು. ವೆಸ್ಟ್‌ಮೀತ್ ಕೌಂಟಿಗೆ ಆಡಿ 2022ರಲ್ಲಿ ಎರಡನೇ ಹಂತದ ಕೌಂಟಿಗಳ ಟೇಲ್ಟನ್ ಕಪ್ ಗೆದ್ದ. ಝಾಕ್ ಮೊರಾದಿ ಇರಾಕ್‌ನಲ್ಲಿ ಹುಟ್ಟಿದ ಕುರ್ದಿಷ್ ಹುಡುಗ, ನಿರಾಶ್ರಿತನಾಗಿ ಬಂದವನು. ಲೀಟ್ರಿಮ್ ಕೌಂಟಿಗೆ ಹರ್ಲಿಂಗ್ (ಕೋಲು ಹಿಡಿದು ಆಡುವ ಐರಿಷ್ ಆಟ) ಆಡಿ 2019ರಲ್ಲಿ ಕಪ್ ಗೆದ್ದ. ಈ ಎರಡು ಹೆಸರು ಮಗನಿಗೆ ಹೇಳಿ.

ಕ್ಯಾಸಲ್‌ಬಾರ್_ಕಾಫಿ · ಜುಲೈ 31

ಶಾನ್ ಓಗ್ ಓ ಹಾಲ್ಪಿನ್ ಹೆಸರನ್ನೂ ಸೇರಿಸಿ. ಅಮ್ಮ ಫಿಜಿಯವರು. 2005ರಲ್ಲಿ ಕಾರ್ಕ್ ಹರ್ಲಿಂಗ್ ತಂಡದ ಕ್ಯಾಪ್ಟನ್ ಆಗಿ ಕಪ್ ಎತ್ತಿ ಇಡೀ ಭಾಷಣ ಐರಿಷ್ ಭಾಷೆಯಲ್ಲೇ ಮಾಡಿದರು. ನಮ್ಮ ಮಾವ ಆ ಭಾಷಣದ ಮಾತು ಬಂದರೆ ಇವತ್ತಿಗೂ ಕಣ್ಣು ಒರೆಸಿಕೊಳ್ತಾರೆ.

ಹುಬ್ಳಿ_ಗಾಲ್ವೇ · ಜುಲೈ 31

ಹೊರಗ ಹೋದವರ ಕಷ್ಟ ಈ ಮಂದಿಗೆ ಹೇಳಿಕೊಡಬೇಕಾಗಿಲ್ಲ. ಲಂಡನ್, ನ್ಯೂಯಾರ್ಕ್ ತಂಡಗಳೂ ಕನಾಟ್ ಪ್ರಾಂತ್ಯದ ಚಾಂಪಿಯನ್‌ಶಿಪ್‌ನಲ್ಲಿ ಆಡ್ತಾವ ಗೊತ್ತೇನ್ರಿ? ಊರು ಬಿಟ್ಟು ಹೋದವರ ತಂಡ ಅವು. ನ್ಯೂಯಾರ್ಕ್ ಮೊದಲ ಸಲ ಗೆದ್ದಿದ್ದು 2023ರಲ್ಲಿ, ಲೀಟ್ರಿಮ್ ಮೇಲೆ, ಪೆನಾಲ್ಟಿಯಲ್ಲಿ. ಆ ವಿಡಿಯೊ ಮಗಗ ತೋರಿಸ್ರಿ.

ಟ್ರಲೀ_ತೀರ್ಥಹಳ್ಳಿ · ಜುಲೈ 31

ಅಕ್ಕಾ, ನಿಮ್ಮ ಮಗ ಯಾವ ಕಾಲಲ್ಲಿ ಹೊಡೀತಾನೆ?

ಲೆಟರ್‌ಕೆನಿ_ಅಮ್ಮ · ಆಗಸ್ಟ್ 1

ಬಲಗಾಲು. ಯಾಕೆ?

ಟ್ರಲೀ_ತೀರ್ಥಹಳ್ಳಿ · ಆಗಸ್ಟ್ 1

ಕ್ಲಿಫರ್ಡ್ ಎಡಗಾಲಿನವನು. ಆದರೆ ಬಲಗಾಲಲ್ಲೂ ಹೊಡೀತಾನೆ, ಅದಕ್ಕೇ ಅವನನ್ನ ತಡೆಯೋದು ಕಷ್ಟ. ನನ್ನ ಮಗಳಿಗೆ ಹತ್ತು ವರ್ಷ. ಅವಳ ಕೋಚ್ ವಾರಕ್ಕೆ ಒಂದು ದಿನ ಬರೀ ಬಾರದ ಕಾಲಲ್ಲೇ ಆಡಿಸ್ತಾರೆ. ಮೊದಲ ತಿಂಗಳು ಚೆಂಡು ಎಲ್ಲೆಲ್ಲೋ ಹೋಗುತ್ತೆ. ಸೋಲೊ ಮಾಡುವಾಗ ಚೆಂಡನ್ನ ಎತ್ತಿ ಎಸೆಯಬಾರದು, ಕಾಲಿನ ಹತ್ತಿರ ತಗ್ಗಿ ಬಿಡಬೇಕು. ಬೆರಳು ಮೇಲಕ್ಕೆ ಮಡಚಿರಬೇಕು. ಆಗ ಚೆಂಡು ತಿರುಗಿ ತಾನಾಗೇ ಕೈಗೆ ಬರುತ್ತೆ. ಗೋಡೆಗೆ ಹೊಡೆಯುವಾಗ ದಿನಾ ಇಪ್ಪತ್ತು ಎಡಗಾಲಲ್ಲಿ ಹೊಡೆಯೋಕೆ ಹೇಳಿ.

ಕೆರಿಯವನು ಡೊನೆಗಾಲ್ ಹುಡುಗನಿಗೆ ಹೇಳಿಕೊಟ್ಟೆ ಅಂತ ಇಲ್ಲಿ ಯಾರಿಗೂ ಹೇಳಬೇಡಿ.

ಲೆಟರ್‌ಕೆನಿ_ಅಮ್ಮ · ಆಗಸ್ಟ್ 3

ಎರಡು ದಿನ ಡ್ಯೂಟಿ ಇತ್ತು, ಉತ್ತರಿಸೋಕೆ ತಡವಾಯಿತು.

ಎಲ್ಲ ಹೆಸರು ಓದಿ ಹೇಳಿದೆ. ಬೋಯ್ಡು ಸಾಯೆ ಫೋಟೊ ತುಂಬಾ ಹೊತ್ತು ನೋಡಿದ. ಆಮೇಲೆ ಏನೂ ಮಾತಾಡಲಿಲ್ಲ, ಚೆಂಡು ತಗೊಂಡು ಹೋದ. ನಿನ್ನೆ ಕ್ಲಬ್‌ನಲ್ಲಿ ಚಿಕ್ಕ ಮಕ್ಕಳ ಪಂದ್ಯ ಇತ್ತು. ಈ ವಯಸ್ಸಿನವರಿಗೆ ಅಂಕ ಬರೆದಿಡೋ ಹಾಗಿಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಆದರೆ ಕಾರಿನಲ್ಲಿ ಕೂತ ತಕ್ಷಣ ಇವನು 3-4, 2-6 ಅಂತ ಲೆಕ್ಕ ಒಪ್ಪಿಸಿದ. ಒಂದು ಅಂಕ ಹಿಂದೆ ಅಂತೆ.

ಈಗ ಹಿತ್ತಲಲ್ಲಿದ್ದಾನೆ. ಎಡಗಾಲಲ್ಲಿ ಹೊಡೀತಿದ್ದಾನೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ, ಗೋಡೆಗಿಂತ ಬೇಲಿಗೇ ಜಾಸ್ತಿ ಬೀಳ್ತಿದೆ. ಹದಿಮೂರು ಆಯಿತು. ಇಪ್ಪತ್ತು ಆಗೋವರೆಗೂ ಊಟಕ್ಕೆ ಕರೆಯಲ್ಲ.